ಹನ್ನೊಂದು ಸಲ

ವಾಸನೆ ಹೋಯಿತು, ಈಗಷ್ಟೇ ಇತ್ತು, ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುವ ನಮ್ಮೂರಿನ ಕಾಗದದ ಕಾರ್ಖಾನೆಯ ವಾಸನೆ, ಬಸ್ಸು ಹಳಿಯಾಳದ ರಸ್ತೆಗೆ ಹೊರಳಿ ಸಾಗವಾನಿ ಗಿಡಗಳು ಶುರುವಾದಲ್ಲಿ ಎಲ್ಲೋ ಒಂದು ಕಡೆ ಮುಗಿದುಹೋಯಿತು, ಇಪ್ಪತ್ತೆರಡು ವರ್ಷದಿಂದ ದಾಂಡೇಲಿಯಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ, ಮುಗಿಯುವ ಜಾಗ ಯಾವುದೆಂದು ಒಮ್ಮೆಯೂ ಹಿಡಿಯಲಾಗಿಲ್ಲ, ಹೋದಮೇಲೆಯೇ ಗೊತ್ತಾಗುವುದು — ಇದನ್ನು ಒಂದು ಸಾಲು ಮಾಡಬಹುದು ಎನ್ನುತ್ತದೆ ತಲೆ, ಬೇಡ, ಇವತ್ತಾದರೂ ಬೇಡ ದ್ರಾಕ್ಷಾಯಣಿ, ನೀನು ಹೊರಟಿರುವುದು ಒಂದು ಮಾತು ಹೇಳಿ ಬರುವುದಕ್ಕೆ, ಸನವಳ್ಳಿಯ ಕಾಶೆವ್ವನ ಎದುರು ಕೂತು ಒಂದೇ ಮಾತು, ಯಕ್ಕಾ, ಅವತ್ತು ನಾ ಹೇಳಿದ್ದು ಸುಳ್ಳ ಐತ್ರಿ, ನಿಮ್ಮ ಮಗಳು ಬಾಗಲಾ ಬಡದ್ಲು ಅಂತ ನನಗ ಯಾರೂ ಹೇಳಿಲ್ಲ, ನಾನ ಕಟ್ಟಿದ್ದದು. ಹೇಳುವುದಕ್ಕೆ ಎಷ್ಟು ಹೊತ್ತು ಬೇಕು, ಒಂದು ಲಕೋಟೆಗೆ ಮುದ್ರೆ ಒತ್ತುವಷ್ಟು. ಅದಕ್ಕೆ ಎರಡು ಬಸ್ಸು, ಒಂದು ಟಂಟಂ ರಿಕ್ಷಾ, ಒಂದು ಭಾನುವಾರ. ಬಾಳೇಶ ಬೆಳಗಿನ ಪಾಳಿಗೆ ಹೊರಡುವಾಗ ಬೂಟಿನ ದಾರ ಬಿಗಿಯುತ್ತ, ನನ್ನ ಮುಖ ನೋಡದೆ ಹೇಳಿದ, ಹೋಗಬ್ಯಾಡ, ಕವಿತಾ ಅಂದ್ರ ಕವಿತಾ, ಅದಕ್ಕ ಯಾರರ ಸಾಕ್ಷಿ ಕೇಳ್ತಾರೇನು, ಸುಮ್ಮನಿದ್ರ ಆ ಹೆಣ್ಣಮಗಳೂ ಸುಮ್ಮನಾಗ್ತಾಳ. ಇಪ್ಪತ್ತೈದು ವರ್ಷ ಕಾಗದ ಮಾಡುವ ಯಂತ್ರದ ಪಕ್ಕ ನಿಂತ ನನ್ನ ಗಂಡನಿಗೆ ಕಾಗದ ಹರಿಯದೆ ಸುರುಳಿ ಸುತ್ತಿಕೊಂಡರೆ ಸಾಕು, ಅದರ ಮೇಲೆ ಆಮೇಲೆ ಯಾರು ಏನು ಬರೆಯುತ್ತಾರೆ ಎನ್ನುವುದು ಅವನ ಪಾಳಿಯ ಕೆಲಸವಲ್ಲ, ಅವನು ಕೆಟ್ಟವನಲ್ಲ, ನನ್ನನ್ನು ಉಳಿಸಲಿಕ್ಕೇ ಹಾಗೆ ಹೇಳಿದ. ಆಕಿ ಸುಮ್ಮನಾಗೂದಿಲ್ಲ, ಎಂದೆ ನಾನು. ಅಷ್ಟೊತ್ತಿಗೆ ಅವನ ಸೈಕಲ್ಲು ಗೇಟು ದಾಟಿತ್ತು.

ನಾಲ್ಕು ಸಾಲು ಇತ್ತು ಪೇಪರಿನಲ್ಲಿ, ಒಳಪುಟದ ಎಡಗಡೆ, ಟೈರಿನ ಜಾಹೀರಾತಿನ ಮೇಲೆ. ಎಲ್ಲೋ ದಕ್ಷಿಣದಲ್ಲಿ, ಹೆಸರು ಹೇಳಲು ನಾಲಿಗೆ ಹೊರಳದ ಒಂದು ಊರು, ಅಲ್ಲೊಂದು ನೂಲಿನ ಗಿರಣಿ, ಗಿರಣಿಯ ಗೋಡೆಯೊಳಗೇ ಹಾಸ್ಟೆಲ್ಲು, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಹೊರರಾಜ್ಯದ ಏಳು ಯುವತಿಯರು ಬೆಳಗಿನ ಹತ್ತು ಗಂಟೆಗೆ ಬೆಂಕಿ ಹತ್ತಿದಾಗ ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು, ಕೋಣೆಗೆ ಹೊರಗಿನಿಂದ ಚಿಲಕ ಹಾಕಲಾಗಿತ್ತೆಂಬ ಆರೋಪವನ್ನು ಆಡಳಿತದವರು ಅಲ್ಲಗಳೆದಿದ್ದಾರೆ. ಅಷ್ಟೇ. ಬೆಳಗಿನ ಹತ್ತು ಗಂಟೆ ಎಂದರೆ ಹಿಂದಿನ ದಿನ ಆ ಹೊತ್ತಿಗೆ ನಾನು ಪೋಸ್ಟಾಫೀಸಿನ ಕೌಂಟರಿನಲ್ಲಿ ಗೋಂದಿನ ಡಬ್ಬಿಗೆ ನೀರು ಹಾಕಿ ಕಲಸುತ್ತಿದ್ದೆ. ಹೊರರಾಜ್ಯ ಎಂದರೆ ಒಡಿಶಾ ಇರಬೇಕು, ಜಾರ್ಖಂಡ ಇರಬೇಕು ಎಂದುಕೊಂಡೆ, ಅವರಿಗೆ ನಮ್ಮದೂ ಹೊರರಾಜ್ಯವೇ ಎಂದು ಹೊಳೆಯಲೇ ಇಲ್ಲ. ದೂರದವರು. ದೂರದವರಾದ್ದರಿಂದ ಕೈ ತಡೆಯಲಿಲ್ಲ, ಅದನ್ನು ಈಗ ಒಪ್ಪಿಕೊಳ್ಳಬೇಕು, ಹತ್ತಿರದವರಿಗೆ ಬಾಯಿ ಇರುತ್ತದೆ — ಅಕ್ಕ ಶಿವಗಂಗವ್ವನ ಗಂಡ ಅವಳ ಕೈಗೆ ಕಾದ ತವೆ ಒತ್ತಿದ ವರ್ಷ ಒಂದು ಪುಟ ಬರೆದಿದ್ದೆ, ಚೆನ್ನಾಗಿಯೇ ಬಂದಿತ್ತು, ಅವಳೇ ಮೊದಲು ಓದಲಿ ಎಂದು ಧಾರವಾಡಕ್ಕೆ ಒಯ್ದು ಕೊಟ್ಟೆ, ಓದಿದಳು, ಪಟ್ಟಿ ಸುತ್ತಿದ ಕೈಯಲ್ಲೇ ಹಾಳೆಯನ್ನು ಒಲೆಗೆ ಇಟ್ಟಳು, ನನ್ನ ಮ್ಯಾಲ ಬರೀಬ್ಯಾಡ ದ್ರಾಕ್ಷಿ, ನಾ ಇನ್ನೂ ಇದ ಓಣ್ಯಾಗ ನೀರ ತರಾಕ ಹೋಗ್ಬೇಕು. ಆಮೇಲೆ ಹತ್ತಿರದವರ ಮೇಲೆ ನಾನು ಒಂದಕ್ಷರ ಬರೆಯಲಿಲ್ಲ. ದೂರ ದೂರ ಹೋದೆ, ಮುಳುಗಿದ ದೋಣಿಗಳು, ಬಾಂಬು ಬಿದ್ದ ಶಾಲೆಗಳು, ಭೂಕಂಪದ ಮಣ್ಣಿನಿಂದ ಹೊರಗೆ ಉಳಿದ ಒಂದು ಕೈ, ಎಲ್ಲ ಕೂತಲ್ಲೇ, ಕುಕ್ಕರಿನ ಸೀಟಿ ಎಣಿಸುತ್ತ. ಅವರು ಯಾರೂ ನಮ್ಮ ಓಣಿಗೆ ನೀರಿಗೆ ಬರುವುದಿಲ್ಲ, ಯಾರೂ ಹಾಳೆಯನ್ನು ಒಲೆಗೆ ಇಡುವುದಿಲ್ಲ. ಸುಳ್ಳು ಅನುಕಂಪವಾಗಿತ್ತೇ ಅದು, ಇಲ್ಲ, ಬರೆಯುವಾಗ ಖಂಡಿತ ಅತ್ತಿದ್ದೇನೆ, ಆದರೆ ಅತ್ತು ಮುಗಿಸಿ ಮುಖ ತೊಳೆದು ಬಂದು ಎರಡನೆಯ ಸಾಲು ಉದ್ದವಾಯಿತೇ ಎಂದು ನೋಡಿದ್ದೇನೆ, ಎರಡೂ ನಿಜ.

ಅವ್ವಾ, ಕದ ತೆಗಿ, ಇಲ್ಲಿ ಹೊಗೆಗೂ ಉಸಿರು ಕಟ್ಟಿದೆ — ಇದು ಮೊದಲು ಬಂತು, ಹೊಗೆಗೂ ಉಸಿರು ಕಟ್ಟುವುದು, ನಾನೇ ಬೆನ್ನು ತಟ್ಟಿಕೊಂಡೆ. ಸತ್ತ ಹುಡುಗಿಯ ಬಾಯಿಂದಲೇ ಹೇಳಿಸಬೇಕು ಎಂದು ಯಾಕೆ ಅನ್ನಿಸಿತೋ, ಹೊರಗೆ ನಿಂತು ಹೇಳಿದರೆ ವರದಿಯಾಗುತ್ತದೆ, ಒಳಗಿನಿಂದ ಹೇಳಿದರೆ ಕವಿತೆಯಾಗುತ್ತದೆ ಎಂದು ಯಾವುದೋ ಕಮ್ಮಟದಲ್ಲಿ ನಾನೇ ಹುಡುಗಿಯರಿಗೆ ಹೇಳಿಕೊಟ್ಟಿದ್ದೆ, ಹಾಗಾಗಿ ಒಳಗೆ ಹೋದೆ, ಯಾರನ್ನೂ ಕೇಳದೆ, ಆ ಕೋಣೆಗೆ. ಆಮೇಲೆ ಬಡಿಯುವುದು. ಬಡಿದೆನವ್ವಾ ಹನ್ನೊಂದು ಸಲ, ಹನ್ನೆರಡನೆಯದು ನಿನ್ನ ಎದೆಯಲ್ಲಿ ಕೇಳಲಿ. ಹತ್ತು ಎಂದರೆ ಪಾಠಶಾಲೆಯ ಎಣಿಕೆಯಂತಿತ್ತು, ಇಪ್ಪತ್ತು ಎಂದರೆ ಅತಿಯಾಯಿತು, ಹನ್ನೊಂದು ಎಂದಾಗ ಹನ್ನೆರಡು ತಾನಾಗಿ ಹಿಂದೆ ಬಂತು, ಅಷ್ಟೇ ಕಾರಣ, ಅಷ್ಟಕ್ಕೇ. ಭಾನುವಾರದ ಪುರವಣಿಯಲ್ಲಿ ಬಂತು, ಮೇಲೆ ನೂಲಿನ ಗಿರಣಿಯಲ್ಲಿ ತೀರಿಕೊಂಡ ಏಳು ಯುವತಿಯರಿಗೆ ಎಂದು, ಕೆಳಗೆ ನನ್ನ ಹೆಸರು, ಊರು. ಹಳಿಯಾಳದ ಕವಿಗೋಷ್ಠಿಯಲ್ಲಿ ಓದಿದೆ, ಆ ಸಾಲು ಬಂದಾಗ ಮುಷ್ಟಿ ಮಾಡಿ ಮುಂದಿನ ಮೇಜಿಗೆ ಬಡಿದೆ, ಮೊದಲೇ ಮನೆಯಲ್ಲಿ ಬಡಿದು ನೋಡಿಕೊಂಡಿದ್ದೆ, ಮೈಕು ಅದನ್ನು ಹಿಡಿದು ಸಭಾಭವನದ ತುಂಬ ಹರಡಿತು, ಮುಂದಿನ ಸಾಲಿನಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು, ಆ ಕ್ಷಣ ನನಗೆ ಎಷ್ಟು ಸುಖವಾಗಿತ್ತು ಎಂದು ಯಾರಿಗೂ ಹೇಳಿಲ್ಲ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹಾಕಿದರು, ನಲವತ್ತು ಸಾವಿರ ಜನ ನೋಡಿದರು. ನಲವತ್ತು ಸಾವಿರದಲ್ಲಿ ಒಬ್ಬಾಕೆ ಸನವಳ್ಳಿಯ ಅಂಗನವಾಡಿಯವಳು.

ಒಂದು ಮಂಗಳವಾರ ಬಂದಳು ಕಾಶೆವ್ವ. ಕೌಂಟರಿನ ಮುಂದೆ ಎಂಟು ಹತ್ತು ಜನರ ಸಾಲು, ಸ್ಪೀಡ್ ಪೋಸ್ಟಿನವರು, ಆರ್‌ಡಿ ಕಟ್ಟುವವರು, ನಡುವೆ ಹಸಿರು ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದ ಹೆಂಗಸು, ಐವತ್ತರ ಆಚೀಚೆ, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ತನ್ನ ಸರದಿ ಬಂದಾಗ ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಒಂದು ಝೆರಾಕ್ಸ್ ತೂರಿಸಿದಳು, ಈ ಹೆಸರಿನವ್ರ ಮನಿ ಯಾವ ಓಣ್ಯಾಗ ಬರ್ತೈತ್ರಿ ಅಕ್ಕೋರ, ಪೋಸ್ಟಿನವ್ರಿಗೆ ಗೊತ್ತಿರ್ತೈತಿ ಅಂದ್ರು ಬಸ್‌ಸ್ಟ್ಯಾಂಡಿನ್ಯಾಗ. ತಲೆಕೆಳಗಾಗಿ ಕಂಡದ್ದು ನನ್ನದೇ ಹೆಸರು. ಓದುಗರೊಬ್ಬರು ಹುಡುಕಿಕೊಂಡು ಬಂದಿದ್ದಾರೆ ಎಂದು ಒಳಗೆ ಒಂದು ಉಬ್ಬು, ನಗುತ್ತಲೇ ಹೇಳಿದೆ, ಅದು ನಾನ ರೀ. ಆಕೆ ನಗಲಿಲ್ಲ, ಕಂಬಿಯ ಆಚೆಯಿಂದ ನನ್ನ ಮುಖವನ್ನು ಸುಮಾರು ಹೊತ್ತು ನೋಡಿದಳು, ಆಮೇಲೆ, ನಾ ಐಶ್ವರ್ಯಾನ ತಾಯಿ ರೀ, ಎಂದಳು. ಯಾವ ಐಶ್ವರ್ಯಾ, ಎಂದು ಕೇಳಿದೆ ನಾನು. ಕೇಳಿದೆ, ಹೌದು, ಇದೂ ನನ್ನ ಬಾಯಿಂದ ಬಂದದ್ದೇ. ಆಕೆ ಝೆರಾಕ್ಸಿನ ಮೇಲೆ ಬೆರಳಿಟ್ಟಳು, ನೀವು ಬರದೀರಲ್ರಿ, ಈಕಿ.

ಹಿಂದಿನವರು ಕಾಲು ಬದಲಿಸಿದರು, ಫ್ಯಾನು ತಿರುಗುತ್ತಿತ್ತು, ಆಕೆ ಮೆಲ್ಲಗೆ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಹೇಳುತ್ತ ಹೋದಳು, ಗಿರಣಿಯವರು ಹೆಣ ಕಳಿಸುವಾಗ ಹೇಳ್ಯಾರ್ರಿ, ಮಲಗಿದಲ್ಲೇ ಹೋಗ್ಯಾಳ, ಎಚ್ಚರಾನೂ ಆಗಿಲ್ಲ, ಏನೂ ಗೊತ್ತಾಗಿಲ್ಲ ಆಕಿಗೆ ಅಂತ, ಐದು ತಿಂಗಳು ನಾ ಅದೊಂದ ಮಾತಿನ ಮ್ಯಾಲ ಇದ್ದೇನ್ರಿ, ಈಗ ಅಂಗನವಾಡಿಯಾಕಿ ಮೊಬೈಲಿನ್ಯಾಗ ನಿಮ್ಮನ್ನ ತೋರಿಸಿದ್ಲು. ನಿಮಗ ಗೊತ್ತೈತಿ. ಆಕಿ ಅವ್ವಾ ಅಂತ ಕರದಳೇನ್ರಿ ಖರೇನ. ಇಲ್ಲಿ, ಇಲ್ಲಿಯೇ, ಇಲ್ಲ ಎನ್ನಬೇಕಿತ್ತು, ಎರಡಕ್ಷರ, ಕಲ್ಪನೆ ರೀ ಅದು, ಕವಿತೆಯಲ್ಲಿ ಹಾಗೆ ಬರೆಯುತ್ತಾರೆ. ಆದರೆ ಸಾಲಿನಲ್ಲಿ ನಿಂತವರೆಲ್ಲ ಕೇಳುತ್ತಿದ್ದರು, ನನ್ನನ್ನು ಕವಿ ಎಂದು ಬಲ್ಲವರು, ಮತ್ತು ಆಕೆಯ ಕಣ್ಣು — ಆ ಕಣ್ಣು ಹೂಂ ಎನ್ನು ಎನ್ನುತ್ತಿತ್ತೋ ಬೇಡ ಎನ್ನುತ್ತಿತ್ತೋ ಈಗಲೂ ತಿಳಿಯದು, ನಾನು ಓದಿಕೊಂಡದ್ದು ಹೂಂ ಎಂದು, ಇನ್ನೊಬ್ಬರ ಕಣ್ಣಲ್ಲಿ ನನಗೆ ಬೇಕಾದ್ದನ್ನು ಓದುವುದೇ ಅಲ್ಲವೇ ಇಷ್ಟು ವರ್ಷದ ಅಭ್ಯಾಸ. ಹೂಂ, ಎಂದೆ. ಹನ್ನೊಂದು ಸಲ ಬಡದ್ಲೇನ್ರಿ. ಹೂಂ. ಯಾರು ಎಣಿಸಿದ್ರು, ಯಾರು ಹೇಳಿದ್ರು ನಿಮಗ. ಅಲ್ಲಿಂದ ಉಳದ ಬಂದಾಕಿ ಒಬ್ಬಾಕಿ ಹುಡುಗಿ, ಎಂದಿತು ನನ್ನ ಬಾಯಿ, ಬಾಜೂ ಖೋಲ್ಯಾಗ ಇದ್ದಾಕಿ, ಎಂದು ಪಕ್ಕದ ಕೋಣೆಯನ್ನೂ ಸೇರಿಸಿತು, ಬೇಡದಿದ್ದರೂ ಒಂದು ವಿವರ ಕೊಡುವುದು, ವಿವರ ಕೊಟ್ಟರೆ ನಂಬುತ್ತಾರೆ, ಅದನ್ನೂ ಕಮ್ಮಟದಲ್ಲಿ ಹೇಳಿಕೊಟ್ಟಿದ್ದೆ. ಕಾಶೆವ್ವ ಅಳಲಿಲ್ಲ. ಹಂಗಾರ ಎಚ್ಚರಿದ್ಲು, ಎಂದಳು. ಪ್ಲಾಸ್ಟಿಕ್ ಹಾಳೆಯನ್ನು ಎರಡು ಮಡಿಕೆ ಮಾಡಿ ಜಂಪರಿನೊಳಗೆ ಇಟ್ಟುಕೊಂಡು, ನನ್ನ ನೆನಸಿದ್ಲು, ಎಂದಳು, ಬರ್ತೇನ್ರಿ, ಎಂದಳು, ಹೋದಳು. ಮುಂದಿನಾತ ಲಗೂ ಮಾಡ್ರಿ ಅಕ್ಕಾರ ಎಂದು ಲಕೋಟೆ ತೂರಿಸಿದ, ಅದಕ್ಕೆ ಹಿಂದಿನ ದಿನದ ತಾರೀಖಿನ ಮುದ್ರೆ ಒತ್ತಿದೆ.

ಹಳಿಯಾಳ ಬಂತು, ಇಳಿದೆ, ಯಲ್ಲಾಪುರದ ಮೇಲೆ ಮುಂಡಗೋಡಕ್ಕೆ ಹೋಗುವ ಬಸ್ಸು ಹೊರಟು ನಿಂತಿತ್ತು, ಹತ್ತಿದೆ, ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಈ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಆ ಸಭಾಭವನ, ಆ ಮೇಜು. ಕಾಶೆವ್ವ ಬಂದುಹೋಗಿ ಮೂರು ವಾರ ನಾನು ಚೆನ್ನಾಗಿಯೇ ಇದ್ದೆ ಎಂದರೆ ಯಾರಾದರೂ ನಂಬುತ್ತಾರೆಯೇ, ಉಣ್ಣುತ್ತಿದ್ದೆ, ಆಫೀಸಿಗೆ ಹೋಗುತ್ತಿದ್ದೆ, ಒಬ್ಬ ತಾಯಿಗೆ ಮಗಳ ಕೊನೆಯ ಮಾತು ಕೊಟ್ಟೆನಲ್ಲ ಎಂದು ಒಂದೆರಡು ಸಲ ಸಮಾಧಾನವೂ ಪಟ್ಟುಕೊಂಡೆ. ಮೊನ್ನೆ ಗುರುವಾರ ಫೋನು ಬಂತು, ನಾ ಈರೇಶ ಅಂತ್ರಿ, ಮುಂಡಗೋಡದಾಗ ವಕೀಲ, ಕಾಶೆವ್ವನ ಕೇಸ ನಾನ ನೋಡಾಕತ್ತೇನಿ, ಆ ಬಾಜೂ ಖೋಲಿ ಹುಡುಗಿ ಹೆಸರೇನ್ರಿ, ಎಲ್ಲಿದ್ದಾಳ. ಆತ ಸಹನೆಯಿಂದ ಬಿಡಿಸಿ ಹೇಳಿದ, ಕದಾ ಸುಟ್ಟು ಬೂದಿ ಆಗೇತ್ರಿ, ಚಿಲಕಾ ಹಾಕಿತ್ತೋ ಇಲ್ಲೋ ಹೇಳೂರಿಲ್ಲ, ತೆಗದ ಇತ್ತು ಅಂತ ವಾಚಮನ್ ಬರಕೊಟ್ಟಾನ, ಬಡಿಯೂದು ಕೇಳಿದಾಕಿ ಒಬ್ಬಾಕಿ ಸಿಕ್ರ ಏಳೂ ಮನಿಯವ್ರಿಗೆ ದಾರಿ ಆಗ್ತೈತಿ. ಹುಡುಗಿ ಇಲ್ರಿ, ಎಂದೆ. ಇಲ್ಲ ಅಂದ್ರ. ಇಲ್ಲ ಅಂದ್ರ ಇಲ್ಲ, ನಾನ ಬರದದ್ದು. ಆ ಕಡೆ ಯಾವುದೋ ಲಾರಿ ಹಾರ್ನು ಹೊಡೆದು ಹೋಯಿತು. ಆಮೇಲೆ ಅವನು ದನಿ ತಗ್ಗಿಸಿದ, ನೋಡ್ರಿ ಅಕ್ಕಾರ, ಒಂದ ಕಾಗದದ ಮ್ಯಾಲ ಬರಕೊಡ್ರಿ, ಒಬ್ಬಾಕಿ ಫೋನಿನ್ಯಾಗ ಹೇಳಿದ್ಲು, ಈಗ ನಂಬರ್ ಇಲ್ಲ ಅಂತ, ಅವ್ರ ಕಡೆನೂ ಸುಳ್ಳ ಐತಿ, ನೀವು ಬರದಂಗ ಆಗಿದ್ದು ಖರೇನೂ ಇರಬೌದಲ್ರಿ.

ಇರಬಹುದು. ಅದೇ ನನ್ನನ್ನು ಎರಡು ದಿನ ತಿಂದದ್ದು, ಬಡಿದಿರಬಹುದು, ಹತ್ತೊಂಬತ್ತರ ಹುಡುಗಿ, ಹೊಗೆ, ಮುಚ್ಚಿದ ಬಾಗಿಲು, ಬಡಿಯದೆ ಇನ್ನೇನು ಮಾಡುತ್ತಾಳೆ, ಹಾಗಿದ್ದರೆ ನನ್ನ ಸುಳ್ಳು ನಿಜದ ಕಡೆಗೇ ನಿಂತಿದೆ, ಬರೆದುಕೊಟ್ಟರೆ ಒಂದು ಕವಿತೆಯಿಂದ ಮೊದಲ ಬಾರಿಗೆ ಯಾರಿಗಾದರೂ ಏನಾದರೂ ಆಗುತ್ತದೆ, ಚಪ್ಪಾಳೆಯ ಬದಲು. ಶುಕ್ರವಾರ ಬರೆದೂ ನೋಡಿದೆ, ಎಷ್ಟು ಸರಾಗವಾಗಿ ಬಂತು, ಆ ಹುಡುಗಿಗೆ ಒಂದು ಕೆಮ್ಮು ಕೊಟ್ಟೆ, ಮಾತಿನ ನಡುವೆ ನಿಲ್ಲಿಸುವ ಅಭ್ಯಾಸ ಕೊಟ್ಟೆ, ಹಿಂದಿ ಕೊಟ್ಟೆ, ಸತ್ತೆವ್ವ ಎಂದು ಹೆಸರಿಟ್ಟು ಹೊಡೆದುಹಾಕಿದೆ, ಹಿಂದಿ ಮಾತಾಡುವವಳಿಗೆ ಆ ಹೆಸರು ಹೊಂದದು ಎಂದು. ಹೊಂದದು ಎನ್ನುವ ಮಾತು ತಲೆಯಲ್ಲಿ ಬಂದಾಗ ಪೆನ್ನು ಕೆಳಗಿಟ್ಟೆ. ಒಳ್ಳೆಯತನದಿಂದ ಇಟ್ಟೆನೇ, ನೌಕರಿಯ ಹೆದರಿಕೆಯಿಂದ ಇಟ್ಟೆನೇ, ಆ ಕಡೆಯ ವಕೀಲ ಎದ್ದು ನಿಂತು ಎಲ್ಲಿದ್ದಾಳೆ ನಿಮ್ಮ ಹುಡುಗಿ ಎಂದರೆ ಏಳು ಮನೆಯ ನಿಜವೂ ನನ್ನ ಸುಳ್ಳಿನ ಜೊತೆಗೆ ಬಿದ್ದುಹೋಗುತ್ತದೆ ಎಂದು ಇಟ್ಟೆನೇ, ಮೂರೂ ಇರಬೇಕು, ಯಾವುದು ಎಷ್ಟು ಎಂದು ಕೇಳಿದರೆ ಹೇಳಲಾರೆ. ಈರೇಶನಿಗೆ ಫೋನು ಮಾಡಿ ಬರೆದುಕೊಡುವುದಿಲ್ಲ ಎಂದೆ. ಆಗ್ಲಿ ಬಿಡ್ರಿ, ಎಂದ, ಆದ್ರ ಕಾಶೆವ್ವಗ ನಾ ಹೇಳಾಂಗಿಲ್ಲ, ನೀವ ಬಂದ ಹೇಳ್ರಿ, ಐತವಾರ ಬರ್ತೀರಿ ಅಂತಷ್ಟ ತಿಳಸ್ತೇನಿ.

ಮುಂಡಗೋಡದ ಸ್ಟ್ಯಾಂಡು, ಬಿಸಿಲು, ನಿರಾಶ್ರಿತರ ಶಿಬಿರದ ಕೆಂಪು ಬಟ್ಟೆಯ ಲಾಮಾಗಳು ಮೂವರು ಶೇಂಗಾ ತಿನ್ನುತ್ತ ಬೆಂಚಿನ ಮೇಲೆ, ಇವರ ಮೇಲೂ ಬರೆದಿದ್ದೇನೆ, ಕಣ್ಣಲ್ಲಿ ಕರಗದ ಹಿಮ ಎಂದೇನೋ, ಒಬ್ಬರ ಜೊತೆಯೂ ಮಾತಾಡದೆ. ಸನವಳ್ಳಿಗೆ ಟಂಟಂ ಎಲ್ಲಿ ಎಂದು ನಾನು ಒಬ್ಬರನ್ನು ಕೇಳಿದ್ದು ಕಿವಿಗೆ ಬಿದ್ದು ಅವರಲ್ಲೊಬ್ಬ ಚಿಕ್ಕವನು ಸಿಪ್ಪೆ ಉದುರಿಸುತ್ತ, ಸನವಳ್ಳಿಗೇನ್ರಿ, ಆ ಬೇಕರಿ ಮುಂದ ನಿಲ್ತಾವ್ರಿ, ಎಂದ, ಕಣ್ಣಲ್ಲಿ ಹಿಮ ಇಲ್ಲ ಏನಿಲ್ಲ, ಇಲ್ಲೇ ಹುಟ್ಟಿದವನ ಮಾತು. ಟಂಟಂನಲ್ಲಿ ನನ್ನ ತೊಡೆಗೆ ಒತ್ತಿ ಗೊಬ್ಬರದ ಚೀಲ, ಗೋವಿನಜೋಳದ ಹೊಲಗಳು, ದೂರದಲ್ಲಿ ಕೆರೆಯ ನೀರು ಒಮ್ಮೆ ಹೊಳೆದು ಮರೆಯಾಯಿತು, ಹೇಳುವ ಮಾತನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದೇನೆ, ತಿದ್ದುತ್ತಿದ್ದೇನೆ, ಸುಳ್ಳು ಎನ್ನಲೇ ಕಲ್ಪನೆ ಎನ್ನಲೇ, ತಿದ್ದಬೇಡ, ತಿದ್ದಿದಷ್ಟೂ ಅದು ಕವಿತೆಯಾಗುತ್ತದೆ. ಕಾಶೆವ್ವನ ಗಂಡ ಕರಿಬಸಪ್ಪನ ಮನಿ ಎಂದರೆ ಎಲ್ಲರೂ ಕೈ ತೋರಿಸಿದರು, ಕದಾ ಇಲ್ಲದ ಮನಿ ನೋಡ್ರಿ, ಎಂದಳು ಕೊಡ ಹೊತ್ತ ಒಬ್ಬಾಕೆ, ಅರ್ಥವಾಗಲಿಲ್ಲ, ಮುಂದೆ ಹೋದಮೇಲೆ ಆಯಿತು. ಹಂಚಿನ ಮನೆ, ಬಾಗಿಲ ಚೌಕಟ್ಟು ಬರಿದಾಗಿ ನಿಂತಿದೆ, ಕದದ ಎರಡು ಹಲಗೆಗಳು ಪಕ್ಕದ ಗೋಡೆಗೆ ಒರಗಿವೆ, ಅದರ ನೆರಳಿನಲ್ಲಿ ಕೋಳಿ. ಕಟ್ಟೆಯ ಮೇಲೆ ಕೂತ ಗಂಡಸು, ಇವನೇ ಕರಿಬಸಪ್ಪ, ನನ್ನ ನೋಟ ಹೋದ ಕಡೆ ನೋಡಿ ತಾನಾಗಿಯೇ ಹೇಳಿದ, ದಾಂಡೇಲಿಗೆ ಹೋಗಿ ಬಂದಾಕಿನ ಕದಾ ತೆಗಿ ಅಂದ್ಲು, ತಗದೆ, ಒಳಗಿಂದೂ ತಗಸ್ಯಾಳ, ಬಚ್ಚಲದ್ದೂ, ನಾಯಿ ಬರ್ತಾವ ಅಂದ್ರ ಬರ್ಲಿ ಅಂತಾಳ. ಕದವಿಲ್ಲದ ಮನೆಗೆ ಬೆಳಕೂ ಕೇಳದೆ ಬರುತ್ತದೆ — ಬಂತು, ಸಾಲು ಬಂತು, ನಿಂತಲ್ಲೇ ಬಂತು, ಅವನ ಮುಖದ ಎದುರು ನಿಂತು ನನ್ನ ತಲೆ ಸಾಲು ಕಟ್ಟಿತು, ನಾಲಿಗೆ ಕಚ್ಚಿಕೊಂಡೆ, ನಿಜವಾಗಿ ಕಚ್ಚಿದೆ, ಉಪ್ಪು ರುಚಿ.

ಕಾಶೆವ್ವ ಹೊರಗೆ ಬಂದಳು, ಬರ್ರಿ ಅಕ್ಕೋರ, ಬಿಸಲಾಗ ಬಂದ್ರಿ, ಎಂದಳು, ಕೈಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ನನ್ನ ಹಿಂದೆ ನೋಡಿದಳು, ದಾರಿಯ ತಿರುವಿನವರೆಗೂ ನೋಡಿದಳು. ಆ ಹುಡುಗಿ ಬರಲಿಲ್ಲೇನ್ರಿ. ಯಾವ ಹುಡುಗಿ ಎಂದು ಈ ಸಲ ನಾನು ಕೇಳಲಿಲ್ಲ. ನೀವು ಬರೂದು ಆಕಿನ್ನ ಕರಕೊಂಡ ಬರಾಕನ ಅಂತ ತಿಳಕೊಂಡಿದ್ದೆ, ಆಕಿಗೂ ಸೇರಿಸಿ ಶಾವಿಗಿ ಪಾಯಸ ಮಾಡೇನಿ, ಐಶೂಗ ಭಾಳ ಸೇರ್ತಿತ್ತು, ಬಡದದ್ದು ಕೇಳಿದಾಕಿ ತಿಂದ್ರ ಅಷ್ಟರ ಆತು ಅಂತ. ಒಳಗೆ ಚಾಪೆ ಹಾಸಿತ್ತು, ಮೂರು ತಾಟು ಬೋರಲು ಹಾಕಿತ್ತು, ಗೋಡೆಯ ಮೇಲೆ ಐಶ್ವರ್ಯಾ, ಹಾಸ್ಟೆಲಿನ ಯಾವುದೋ ಗೋಡೆಗೆ ಒರಗಿ ತೆಗೆಸಿಕೊಂಡ ಫೋಟೋ, ಅಗಲ ಮುಖ, ಒಂದು ಹುಬ್ಬು ತುಸು ಮೇಲೆ, ನನ್ನ ಕವಿತೆಯ ಹುಡುಗಿಗೂ ಇವಳಿಗೂ ಏನೇನೂ ಸಂಬಂಧವಿಲ್ಲ, ನನ್ನವಳು ತೆಳ್ಳಗಿದ್ದಳು, ಮುಖವೇ ಇರಲಿಲ್ಲ ನನ್ನವಳಿಗೆ, ಈಗ ಗೊತ್ತಾಯಿತು. ಕೂತೆ. ಇನ್ನು ತಡ ಮಾಡಿದರೆ ಆಗುವುದಿಲ್ಲ ಎಂದು ಹೇಳಿದೆ, ಹುಡುಗಿ ಇಲ್ರಿ ಯಕ್ಕಾ. ಅಂಥಾ ಹುಡುಗಿ ಇಲ್ಲವ ಇಲ್ಲ. ಅವತ್ತ ನಾ ಸುಳ್ಳ ಹೇಳೇನಿ. ಕರಿಬಸಪ್ಪ ಚೌಕಟ್ಟಿನಲ್ಲಿ ಬಂದು ನಿಂತ. ಕಾಶೆವ್ವ ತಾಟು ನೆಟ್ಟಗೆ ಮಾಡುತ್ತಿದ್ದವಳು ಒಂದನ್ನು ಕೈಯಲ್ಲೇ ಹಿಡಿದುಕೊಂಡಳು. ಅಂದ್ರ ಆಕಿ ಬಡದದ್ದು. ಗೊತ್ತಿಲ್ರಿ. ಕರದದ್ದು. ಗೊತ್ತಿಲ್ರಿ. ಎದ್ದಿದ್ಲೋ ಇಲ್ಲೋ. ನನಗ ಗೊತ್ತಿಲ್ರಿ ಯಕ್ಕಾ. ಮತ್ತ ನಿಮಗೇನು ಗೊತ್ತಿತ್ರಿ, ಎಂದಳು, ಕೆಣಕಿ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಪೇಪರಿನ್ಯಾಗ ನಾಕ ಸಾಲು ಇತ್ತು, ಅಷ್ಟ. ಮತ್ತ ಹನ್ನೊಂದು ಅಂದದ್ದು. ಸಾಲಿಗೆ ಹೊಂದಲಿ ಅಂತ ಹಾಕಿದ್ದು. ಸಾಲಿಗೆ, ಎಂದಳು ಕಾಶೆವ್ವ. ತಾಟನ್ನು ಕೆಳಗಿಟ್ಟಳು.

ಹಂಗಾರ ಮಲಗಿದಲ್ಲೇ ಹೋಗ್ಯಾಳ, ಎಂದ ಕರಿಬಸಪ್ಪ, ಅವನ ದನಿಯಲ್ಲಿ ಹಗುರಾದದ್ದು ಏನೋ ಇತ್ತು, ಕೇಳಿದೇನು, ಗಿರಣಿಯವ್ರು ಮೊದಲ ಹೇಳಿದ್ದು ಖರೇ, ಎಚ್ಚರ ಆಗಿಲ್ಲ ಆಕಿಗೆ, ನಾಳಿಗೆ ಕದಾ ಹಚ್ತೇನಿ. ಕಾಶೆವ್ವ ಗಂಡನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತ ಹೇಳಿದಳು, ಅದೂ ಇವ್ರಿಗೆ ಗೊತ್ತಿಲ್ಲ. ಮಲಗಿದ್ಲು ಅಂತ ಹೊಳ್ಳಿ ತಿಳಕೊಳ್ಳಾಕ ಬರಾಂಗಿಲ್ಲ ನನಗ, ಅದು ಹೋತು, ಇವ್ರು ಒಯ್ದಬಿಟ್ರು. ಇವತ್ತ ಬಂದ ಸುಳ್ಳ ಅಂದ್ರು, ತಮ್ಮ ಮಾತ ತಾವ ಒಯ್ದ್ರು, ನನಗ ಬಡಿಯೂದು ಕೇಳಸೂದು ಹಂಗ ಐತಲ್ಲ, ಅದನ್ನ ಯಾರು ಒಯ್ಬೇಕು. ತಪ್ಪಾತ್ರಿ, ಎಂದೆ. ಎಷ್ಟು ಸಣ್ಣ ಮಾತು, ಬಾಯಿಂದ ಬಿದ್ದ ಸದ್ದೂ ಆಗಲಿಲ್ಲ. ಕೇಸಿಗೆ ನಿಮ್ಮದು ಬ್ಯಾಡ, ಎಂದಳು, ಈರೇಶಪ್ಪ ಮತ್ತೇನರ ಹುಡುಕ್ತಾನ. ಪಾಯಸದ ಬೋಗುಣಿ ತಂದು ನನ್ನ ತಾಟಿಗೆ ಬಡಿಸಿದಳು, ಉಣ್ರಿ, ಮಾಡಿದ್ದೈತಿ. ಬೇಡ ಎನ್ನಲಾಗಲಿಲ್ಲ, ಉಂಡೆ, ಆ ಇಲ್ಲದ ಹುಡುಗಿಯ ಪಾಲನ್ನು ನಾನು ಉಂಡೆ, ಶಾವಿಗೆ, ಬೆಲ್ಲ, ನಾಲಿಗೆ ಕಚ್ಚಿದಲ್ಲಿ ಉರಿಯುತ್ತದೆ, ಇಬ್ಬರೂ ನೋಡುತ್ತಿದ್ದಾರೆ. ಇದನ್ನೂ ಬರೀತೀರೇನ್ರಿ, ಎಂದು ಕೇಳಿದ ಕರಿಬಸಪ್ಪ. ಇಲ್ರಿ. ಹಂಗಂತೀರಿ, ಎಂದ ಅವನು, ಹೊರಗೆ ಹೋಗಿ ಕೋಳಿ ಓಡಿಸಿದ.

ಕೈ ತೊಳೆದು ಬಂದೆ. ಕಾಶೆವ್ವ ಎದ್ದು ಬಾಗಿಲಿನ ಹತ್ತಿರ ನಿಂತಿದ್ದಾಳೆ, ಬಾಗಿಲಿರುವ ಜಾಗದಲ್ಲಿ. ಮೊಬೈಲಿನ್ಯಾಗ ನೀವು ಮುಷ್ಟಿ ಮಾಡಿ ಬಡದ್ರಿ, ಎನ್ನುತ್ತಾಳೆ, ನನ್ನ ಕಡೆ ತಿರುಗದೆ, ಅದನ್ನ ನೋಡಿದಾಗನ ನನಗ ಅನಸಬೇಕಾಗಿತ್ತು, ಇವ್ರು ಆಕಿನ್ನ ಕಂಡಿಲ್ಲ ಅಂತ. ಆಕಿ ಮುಷ್ಟಿ ಮಾಡ್ತಿದ್ದಿಲ್ಲ. ಸಾಲಿ ಬಿಟ್ಟು ಪಾಟಿಚೀಲ ಹೊತ್ತ ಬಂದ್ರೂ ಅಂಗೈಲೆ, ಗಿರಣಿಯಿಂದ ಹಬ್ಬಕ್ಕ ಬಂದ್ರೂ ಅಂಗೈಲೆ ಬಡೀತಿದ್ಲು, ಬಳಿ ಒಡಿತಾವ ಅಂತ ಬೈತಿದ್ದೆ, ಹಿಂಗ, ಪೂರಾ ಕೈ ಬಿಚ್ಚಿ, ನೋಡ್ರಿ. ಬಲಗೈ ಎತ್ತುತ್ತಾಳೆ, ಬೆರಳು ಅಗಲಿಸುತ್ತಾಳೆ, ಭುಜದೆತ್ತರ, ಹಿಂದಕ್ಕೆ ಒಯ್ದು ಮುಂದಕ್ಕೆ ತರುತ್ತಾಳೆ, ಹಲಗೆಗಳು ಅಲ್ಲಿ ಗೋಡೆಗೆ ಒರಗಿವೆ, ಇಲ್ಲಿ ಬಿಸಿಲು ಮಾತ್ರ, ಅಂಗೈ ಹೋಗಿ ನಿಲ್ಲಬೇಕಾದಲ್ಲಿ ಏನೂ ಇಲ್ಲ, ನಿಲ್ಲುತ್ತದೆ, ಇಳಿಸುವುದಿಲ್ಲ, ನಾನು ಸಾಲಿಗಾಗಿ ಕಾಯುತ್ತೇನೆ, ಬರುವುದಿಲ್ಲ, ಸಾಲು ಬರುವುದಿಲ್ಲ, ಬೆರಳುಗಳ ನಡುವೆ ಬಿಸಿಲು, ಅರಿಸಿನದ ಕಲೆ, ಅಂಗೈ ಗಾಳಿಯಲ್ಲಿ, ಅಂಗೈ ಗಾಳಿಯಲ್ಲಿ ಹಾಗೇ, ಅಂಗೈ